ಜೋಗಿ ಬಿಲ್ಲೆಯ ಅಂಚು: ಒಂದು ಪ್ರಕರಣ ಅಧ್ಯಯನ

ಕರಾವಳಿಯ ಒಂದು ಹಳೆಯ ಮನೆ. ದೇವರ ಕೋಣೆಯಲ್ಲಿ ತಾಮ್ರದ ಒಂದು ಬಿಲ್ಲೆ. ಮೂರು ತಲೆಮಾರಿನಿಂದ ಅದಕ್ಕೆ ಕುಂಕುಮ ಬೀಳುತ್ತಿದೆ. ಮನೆಯವರು ಅದನ್ನು 'ಜೋಗಿ ಬಿಲ್ಲೆ' ಅಂತ ಕರೆಯುತ್ತಾರೆ. ಯಾಕೆಂದರೆ ಅದರ ಮೇಲೆ ತಲೆಗೆ ಮುಸುಕು ಹಾಕಿದ, ಗಡ್ಡ ಬಿಟ್ಟ ಒಬ್ಬ ಮುದುಕನ ಮುಖ ಇದೆ. ಕದ್ರಿಯ ಜೋಗಿಯೊಬ್ಬರು ಹಿಂದೆ ಯಾವಾಗಲೋ ಕೊಟ್ಟದ್ದು ಎಂಬ ನಂಬಿಕೆ ಅವರಲ್ಲಿತ್ತು.

ಅದನ್ನು ನನಗೆ ತೋರಿಸಿದವರು ಮನೆಯ ಸೊಸೆ, ನಿವೃತ್ತ ಶಾಲಾ ಶಿಕ್ಷಕಿ. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಅವರ ಹೆಸರು, ಊರು, ಮನೆತನ ಬರೆಯುತ್ತಿಲ್ಲ. ಗುರುತು ಸಿಗಬಹುದಾದ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ನಾನು ನಾಣ್ಯ ಸಂಗ್ರಹಿಸುವ ಹವ್ಯಾಸಿ. ಹಳೆಯ ಟೋಕನ್‌ಗಳ ಮೇಲೆ, ಅಂದರೆ ನಾಣ್ಯದ ಬದಲಿಗೆ ಖಾಸಗಿಯವರು ಹೊರಡಿಸುತ್ತಿದ್ದ ಬಿಲ್ಲೆಗಳ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. ಈ ಪ್ರಕರಣದಲ್ಲಿ ಮೊದಲ ಗುರುತನ್ನು ತಪ್ಪಾಗಿ ಹೇಳಿದವನೂ ನಾನೇ.

ಟೀಚರಿಗೆ ಬೇಕಿದ್ದದ್ದು ಸರಳ. "ಮೊಮ್ಮಗ ಕೇಳ್ತಾನೆ, ಇದು ಎಲ್ಲಿಂದ ಬಂತು ಅಂತ. ನನಗೆ ಹೇಳಲಿಕ್ಕೆ ಗೊತ್ತಿಲ್ಲ. ನೀವು ನೋಡಿ ಹೇಳಿ ಮಾರಾಯ್ರೆ" ಅಂದರು.

ಬಿಲ್ಲೆಯ ಸ್ಥಿತಿ ಹೀಗಿತ್ತು. ಒಂದು ಬದಿಯಲ್ಲಿ ಎಡಕ್ಕೆ ತಿರುಗಿದ ಮುಖ, ಮುಸುಕಿನ ಮಡಿಕೆ, ಗಡ್ಡದ ಎಳೆ ಕಾಣುತ್ತಿದ್ದವು. ಸುತ್ತ ಎಲೆಗಳ ಹಾರದ ಹಾಗೆ ಏನೋ ಇತ್ತು. ಇನ್ನೊಂದು ಬದಿ ಬಹುತೇಕ ಸವೆದಿತ್ತು. ನಡುವೆ ಬಳ್ಳಿಯಂತೆ ಹೆಣೆದುಕೊಂಡ ಅಕ್ಷರಗಳು. ಕೆಳಗೆ 17 ಎಂಬ ಎರಡು ಅಂಕಿ, ಮುಂದಿನದು ಏನೂ ಇಲ್ಲ. ಬಿಲ್ಲೆ ಮಾತ್ರ ಹೊಸ ಚೊಂಬಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಪ್ರತಿ ದೀಪಾವಳಿಗೆ ಪೂಜೆ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರಂತೆ. ಈ ಹುಣಸೆಹಣ್ಣಿನ ವಿಷಯ ಮುಂದೆ ನಮ್ಮನ್ನು ಸಾಕಷ್ಟು ಕಾಡಿತು.

ನನಗಿಂತ ಮೊದಲೂ ಅವರು ಕೆಲವರಿಗೆ ತೋರಿಸಿದ್ದರು. ಒಬ್ಬರು ರಾಮಟಂಕೆಯ, ಅಂದರೆ ರಾಮನ ಚಿತ್ರ ಇರುವ ಪೂಜೆಯ ಬಿಲ್ಲೆಯ ಜಾತಿಗೆ ಸೇರಿದ ದೇವಸ್ಥಾನದ ಬಿಲ್ಲೆ ಅಂದಿದ್ದರು. ಇನ್ನೊಬ್ಬರು ಪೋರ್ಚುಗೀಸ್ ಪಾದ್ರಿಯ ಮುಖ ಅಂದಿದ್ದರು. ಊರಿನ ಯುವಕ ಸಂಘದವರು ಇನ್ನೂ ಮುಂದೆ ಹೋಗಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕಡೆಯ ಸೀಮೆ ಕಂಪನಿ ಸರ್ಕಾರಕ್ಕೆ ಹೋಯಿತಲ್ಲ, ಆಗ ಬಂದ ಯಾವನೋ ಬಿಳಿ ಸಿಪಾಯಿಯ ಜೇಬಿನಿಂದ ಬಿದ್ದದ್ದು ಇದು ಎಂದು ತೀರ್ಮಾನಿಸಿದ್ದರು. ಕಥೆ ಚೆನ್ನಾಗಿದೆ. ಬಿಲ್ಲೆ ಮೊದಲು ಇದ್ದ ಹಳೆಯ ಡಬ್ಬಿಯಲ್ಲಿ 1808ರ ಇಪ್ಪತ್ತು ಕ್ಯಾಶ್ ನಾಣ್ಯ ಒಂದು ಇದ್ದದ್ದರಿಂದ ಅವರಿಗೆ ಇನ್ನಷ್ಟು ಧೈರ್ಯ ಬಂದಿತ್ತು. ಕಂಪನಿಯ ಲಾಂಛನ ಇರುವ ಆ ನಾಣ್ಯ ನಮ್ಮ ಕಡೆ ಹಳೆಯ ಮನೆಗಳಲ್ಲಿ ಆಗಾಗ ಸಿಗುತ್ತದೆ. ಮದ್ರಾಸ್ ಪ್ರಾಂತ್ಯಕ್ಕಾಗಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋದಲ್ಲಿ, ಮ್ಯಾಥ್ಯೂ ಬೌಲ್ಟನ್ ಕಟ್ಟಿದ ಟಂಕಸಾಲೆಯಲ್ಲಿ, ಉಗಿಯಂತ್ರದಿಂದ ಅಚ್ಚಾದದ್ದು ಅದು.

ನನಗೆ ಮುಖ ನೋಡಿದ ಕೂಡಲೇ ಗುರುತು ಹತ್ತಿತು. ಖುಷಿಯೂ ಆಯಿತು. ಅದು ಜೋಗಿಯೂ ಅಲ್ಲ, ಪಾದ್ರಿಯೂ ಅಲ್ಲ. ಅದು ಡ್ರೂಯಿಡ್. ವೇಲ್ಸ್ ದೇಶದ ವಾಯವ್ಯ ಮೂಲೆಯಲ್ಲಿ ಆಂಗಲ್‌ಸೀ ಎಂಬ ದ್ವೀಪ ಇದೆ. ರೋಮನ್ನರ ಕಾಲದಲ್ಲಿ ಡ್ರೂಯಿಡ್ ಎಂಬ ಪುರೋಹಿತರಿಗೆ ಅದು ದೊಡ್ಡ ನೆಲೆ. ಆ ದ್ವೀಪದ ಪ್ಯಾರಿಸ್ ಬೆಟ್ಟದಲ್ಲಿ 1768ರ ಮಾರ್ಚ್ 2ರಂದು ತಾಮ್ರದ ದೊಡ್ಡ ನಿಕ್ಷೇಪ ಸಿಕ್ಕಿತು. ಫ್ರಾನ್ಸಿನ ಪ್ಯಾರಿಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದನ್ನು ಕಂಡ ಗಣಿ ಕೆಲಸಗಾರನಿಗೆ ಸಿಕ್ಕ ಬಹುಮಾನ ಒಂದು ಬಾಟಲಿ ಮದ್ಯ, ಜೊತೆಗೆ ಬದುಕಿರುವ ತನಕ ಬಾಡಿಗೆ ಇಲ್ಲದ ಮನೆ. ಮುಂದೆ ಥಾಮಸ್ ವಿಲಿಯಮ್ಸ್ ಎಂಬ ವಕೀಲನ ಕೈಗೆ ಆ ಗಣಿಯ ವ್ಯವಹಾರ ಬಂತು. ಅವನು ಬ್ರಿಟನ್ನಿನ ತಾಮ್ರದ ಮಾರುಕಟ್ಟೆಯನ್ನೇ ಹಿಡಿದ.

ಆಗ ಆ ದೇಶದಲ್ಲಿ ಚಿಲ್ಲರೆಗೆ ಭಾರೀ ಬರ. 1775ರ ನಂತರ 1797ರ ತನಕ ರಾಜನ ಟಂಕಸಾಲೆ ತಾಮ್ರದ ನಾಣ್ಯ ಹೊರಡಿಸಲೇ ಇಲ್ಲ. ಕೈಗೆ ಬರುತ್ತಿದ್ದ ಅರ್ಧ ಪೆನ್ನಿಗಳಲ್ಲಿ ಹೆಚ್ಚಿನವು ಖೋಟಾ. ಕೂಲಿಯವರಿಗೆ ಬಟವಾಡೆ ಮಾಡುವುದೇ ಕಷ್ಟವಾಯಿತು. 1787ರಲ್ಲಿ ವಿಲಿಯಮ್ಸನ ಕಂಪನಿ ತನ್ನದೇ ತಾಮ್ರದಿಂದ ತನ್ನದೇ ಬಿಲ್ಲೆ ಹೊಡೆಸಿತು. ಒಂದು ಬದಿಗೆ ಓಕ್ ಎಲೆಯ ಹಾರದ ನಡುವೆ ಡ್ರೂಯಿಡ್. ಇನ್ನೊಂದು ಬದಿಗೆ ಪ್ಯಾರಿಸ್ ಮೈನ್ ಕಂಪನಿ ಎಂಬ ಹೆಸರಿನ ಮೊದಲ ಅಕ್ಷರಗಳಾದ ಪಿ, ಎಂ, ಸಿ. ಪೆನ್ನಿಯ ಮೇಲೆ 'ತಂದವರಿಗೆ ಒಂದು ಪೆನ್ನಿ ಕೊಡುತ್ತೇವೆ' ಎಂಬ ಮಾತು. ಅದಕ್ಕೆ ಬೆಲೆ ಇದ್ದದ್ದೇ ಆ ಮಾತಿನಿಂದ. ಸುಮಾರು 250 ಟನ್ ಪೆನ್ನಿ, 50 ಟನ್ ಅರ್ಧ ಪೆನ್ನಿ ಹೊಡೆದರು. ಇದನ್ನು ನೋಡಿ ಊರೂರಿನ ಅಂಗಡಿಯವರು, ಕಾರ್ಖಾನೆಯವರು ತಮ್ಮ ತಮ್ಮ ಟೋಕನ್ ಮಾಡಿಸತೊಡಗಿದರು.

ನಾನು ಟೀಚರಿಗೆ ಒಂದು ಚೀಟಿ ಬರೆದು ಕೊಟ್ಟೆ. "ಆಂಗಲ್‌ಸೀ ದ್ವೀಪದ ಪ್ಯಾರಿಸ್ ಗಣಿ ಕಂಪನಿ ಹೊರಡಿಸಿದ ಅರ್ಧ ಪೆನ್ನಿ. ಸುಮಾರು 1788ರಿಂದ 1791." ಅವರು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿ ಡಬ್ಬಿಯಲ್ಲಿ ಇಟ್ಟರು.

ಆ ಚೀಟಿ ಬರೆಯುವ ಮೊದಲು ಅಂಚನ್ನೂ ನೋಡಿದ್ದೆ. ಫೋನಿನಲ್ಲಿ ಒಂದು ಫೋಟೊ ತೆಗೆದು ದೊಡ್ಡದು ಮಾಡಿದಾಗ ಎ, ಎನ್, ಆಮೇಲೆ ಜಿ ಎಂಬ ಮೂರು ಅಕ್ಷರ ಕಂಡವು. ನಿಜವಾದ ಆಂಗಲ್‌ಸೀ ಅರ್ಧ ಪೆನ್ನಿಯ ಅಂಚಿನಲ್ಲಿ 'ಪೇಯಬಲ್ ಇನ್ ಆಂಗಲ್‌ಸೀ ಲಂಡನ್ ಆರ್ ಲಿವರ್‌ಪೂಲ್' ಎಂದು, ಅಂದರೆ ಇದಕ್ಕೆ ಈ ಊರುಗಳಲ್ಲಿ ದುಡ್ಡು ಸಿಗುತ್ತದೆ ಎಂದು ಇರುತ್ತದೆ. ಆಂಗಲ್‌ಸೀ ಎಂಬುದು ಇಂಗ್ಲಿಷಿನಲ್ಲಿ ಎ, ಎನ್, ಜಿ ಅಂತಲೇ ಶುರುವಾಗುತ್ತದೆ. ಸರಿಹೋಯಿತಲ್ಲ ಎಂದು ಅಲ್ಲಿಗೇ ಬಿಟ್ಟೆ. ತೂಕ ನೋಡಲಿಲ್ಲ. ಮುಖ ಅಷ್ಟು ಚೆನ್ನಾಗಿ ಹೊಂದುವಾಗ ತೂಕ ಯಾಕೆ ಎಂದು ಅನ್ನಿಸಿತ್ತು. ಈಗಲೂ ಅದನ್ನು ನೆನೆದರೆ ಮನಸ್ಸಿಗೆ ಚುಚ್ಚುತ್ತದೆ.

ಐದಾರು ತಿಂಗಳ ನಂತರ ಒಬ್ಬ ಸ್ನೇಹಿತರ ಸಂಗ್ರಹದಲ್ಲಿ ನಿಜವಾದ ಆಂಗಲ್‌ಸೀ ಅರ್ಧ ಪೆನ್ನಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಅಂಗೈಯಲ್ಲಿ ಇಟ್ಟ ತಕ್ಷಣ ಏನೋ ಸರಿ ಇಲ್ಲ ಅನ್ನಿಸಿತು. ಅದು ದಪ್ಪ, ಭಾರ. ಟೀಚರ್ ಮನೆಯದು ಹಗುರ ಇತ್ತು, ಕೈಗೆ ನೆನಪಿತ್ತು. ಮತ್ತೆ ಆ ಊರಿಗೆ ಹೋದೆ. ಟೀಚರಿಗೆ ವಿಷಯ ಹೇಳಿದೆ, "ಟೀಚರೇ, ನನ್ನ ಚೀಟಿ ತಪ್ಪಿರಬಹುದು, ಇನ್ನೊಂದು ಸಲ ನೋಡಬೇಕು" ಎಂದು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಪೇಟೆಯ ಚಿನ್ನದ ಅಂಗಡಿಗೆ ನನ್ನ ಜೊತೆ ಅವರೇ ಬಂದರು.

ತೂಕ 8.4 ಗ್ರಾಂ. ಸ್ನೇಹಿತರದ್ದು ಸವೆದೂ 12.9 ಗ್ರಾಂ ಇತ್ತು. ಈ ಕಂಪನಿಯ 1787ರ ಪೆನ್ನಿ ಒಂದು ಔನ್ಸ್, ಅಂದರೆ 28 ಗ್ರಾಂಗಿಂತ ಸ್ವಲ್ಪ ಹೆಚ್ಚು. ಅರ್ಧ ಪೆನ್ನಿ ಅದರ ಅರ್ಧದ ಆಸುಪಾಸು. ಖೋಟಾ ನಾಣ್ಯ ನೋಡಿ ನೋಡಿ ಬೇಸತ್ತ ಜನ ಈ ಬಿಲ್ಲೆಯನ್ನು ನಂಬಿದ್ದಕ್ಕೆ ಅದರ ತೂಕವೂ ಒಂದು ಕಾರಣ.

ಇಲ್ಲಿ ಹುಣಸೆಹಣ್ಣು ಅಡ್ಡ ಬಂತು. "ಎಷ್ಟು ವರ್ಷದಿಂದ ತಿಕ್ಕಿದ್ದೇವೆ, ಕರಗಿ ಹೋಗಿರಬಹುದಲ್ಲ?" ಎಂದು ಟೀಚರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಹುಳಿ ತಾಮ್ರದ ಮೇಲಿನ ಕಿಲುಬನ್ನು ಕರಗಿಸುತ್ತದೆ. ಮತ್ತೆ ಕಿಲುಬು ಹಿಡಿಯುತ್ತದೆ, ಮತ್ತೆ ತಿಕ್ಕುತ್ತೇವೆ. ಪ್ರತಿ ಸಲವೂ ಲೋಹ ಸ್ವಲ್ಪ ಹೋಗುತ್ತದೆ. ಹಾಗಾದರೆ ತೂಕವನ್ನು ಸಾಕ್ಷಿ ಅನ್ನುವುದು ಹೇಗೆ?

ನಾವು ದಪ್ಪ ಅಳೆದೆವು. ಸ್ನೇಹಿತರ ಬಿಲ್ಲೆ 2.2 ಮಿಲಿಮೀಟರ್. ಇದು 1.5. ಎರಡರ ಅಗಲ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಪೂರ್ತಿ ಹುಳಿಯಿಂದಲೇ ಬಂದಿದ್ದರೆ ಎರಡೂ ಮುಖಗಳಿಂದ ತಲಾ ಮೂರನೇ ಒಂದು ಮಿಲಿಮೀಟರಿನಷ್ಟು ತಾಮ್ರ ಹೋಗಿರಬೇಕು. ಅಷ್ಟು ಹೋಗಿದ್ದರೆ ಗಡ್ಡದ ಎಳೆ, ಮುಸುಕಿನ ಮಡಿಕೆ ಉಳಿಯುತ್ತಿರಲಿಲ್ಲ. ಬಿಲ್ಲೆ ನುಣ್ಣಗಿನ ತಗಡಾಗುತ್ತಿತ್ತು. ಹುಣಸೆಹಣ್ಣು ಸ್ವಲ್ಪ ತಿಂದಿದೆ, ಹೌದು. ಆದರೆ ಮೂರರಲ್ಲಿ ಒಂದು ಭಾಗ ತಿಂದಿಲ್ಲ. ಈ ಬಿಲ್ಲೆ ಹುಟ್ಟಿದಾಗಲೇ ತೆಳ್ಳಗಿತ್ತು.

ಹಾಗಾದರೆ ಅಂಚನ್ನು ಮತ್ತೆ ಓದಬೇಕಾಯಿತು. ಈ ಸಲ ಫೋಟೊ ನಂಬಲಿಲ್ಲ. ಬಿಲ್ಲೆಯ ಅಂಚು ದುಂಡಗೆ ಇರುವುದರಿಂದ ಒಂದು ಫೋಟೊದಲ್ಲಿ ಮೂರು ನಾಲ್ಕು ಅಕ್ಷರ ಮಾತ್ರ ಸಿಗುತ್ತವೆ. ಮೊಮ್ಮಗನ ಆಟದ ಕ್ಲೇ ತಂದು ಉದ್ದ ಪಟ್ಟಿಯ ಹಾಗೆ ಲಟ್ಟಿಸಿದೆವು. ಬಿಲ್ಲೆಯನ್ನು ಚಕ್ರದಂತೆ ನಿಲ್ಲಿಸಿ, ಸಮನಾಗಿ ಒತ್ತಿ, ಒಂದು ಪೂರ್ತಿ ಸುತ್ತು ಉರುಳಿಸಿದೆವು. ಅಚ್ಚು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುತ್ತದೆ. ಅದರ ಫೋಟೊ ತೆಗೆದು ಫೋನಿನಲ್ಲೇ ಎಡಬಲ ತಿರುಗಿಸಿದರೆ ನೇರವಾಗಿ ಓದಬಹುದು. ಕಿಟಕಿಯ ಪಕ್ಕ, ಸಂಜೆಯ ಓರೆ ಬೆಳಕಿನಲ್ಲಿ ಇಟ್ಟರೆ ಇನ್ನೂ ಸ್ಪಷ್ಟ. ಕ್ಲೇ ಮೆತ್ತಗಿರಬೇಕು, ಆದರೆ ಕೈಗೆ ಅಂಟಬಾರದು. ನಮಗೆ ಮೂರನೇ ಸಲಕ್ಕೆ ಸರಿಯಾಗಿ ಬಂತು.

ಎ, ಎನ್ ಇದ್ದವು. ಅವುಗಳ ಹಿಂದೆ ಒಂದು ನೇರ ಗೆರೆ, ಅದರ ಬುಡದಲ್ಲಿ ಸಣ್ಣ ಕಾಲು. ಅದು ಎಲ್. ನಾನು ಜಿ ಎಂದು ಓದಿದ್ದು ಜಿ ಅಲ್ಲ, ಸಿ. ಎಲ್, ಎ, ಎನ್, ಸಿ. ಮುಂದೆ ಸವೆದ ಜಾಗ. ಅರ್ಧ ಸುತ್ತು ಮುಗಿದ ಮೇಲೆ ಬಿ, ಆರ್, ಐ.

ಟೀಚರ್ ನನಗಿಂತ ಮೊದಲು ಓದಿದರು. "ಲ್ಯಾಂಕಾಸ್ಟರ್! ಆಮೇಲೆ ಬ್ರಿಸ್ಟಲ್!" ಎಂದರು. ಮೂವತ್ತು ವರ್ಷ ಮಕ್ಕಳ ಕೈಬರಹ ತಿದ್ದಿದ ಕಣ್ಣು ಅದು.

'ಪೇಯಬಲ್ ಇನ್ ಲ್ಯಾಂಕಾಸ್ಟರ್ ಲಂಡನ್ ಆರ್ ಬ್ರಿಸ್ಟಲ್.' ಈ ಸಾಲು ಟೋಕನ್ ಬಲ್ಲವರಿಗೆ ಪರಿಚಯದ್ದೇ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಬಗೆಯ ಟೋಕನ್‌ಗಳ ಅಂಚಿನಲ್ಲಿ ಇದು ಬರುತ್ತದೆ. ಅಂಚಿನ ಅಕ್ಷರವನ್ನು ಮುಖದ ಠಸೆಯ ಜೊತೆ ಹೊಡೆಯುತ್ತಿರಲಿಲ್ಲ. ಅಕ್ಷರ ಕೆತ್ತಿದ ಎರಡು ಉಕ್ಕಿನ ಪಟ್ಟಿಗಳ ನಡುವೆ ಖಾಲಿ ಬಿಲ್ಲೆಯನ್ನು ಮೊದಲು ಉರುಳಿಸುತ್ತಿದ್ದರು. ಆ ಪಟ್ಟಿ ಬೇರೆ, ಮುಖದ ಠಸೆ ಬೇರೆ. ಒಬ್ಬ ಗಿರಾಕಿಗೆ ಮಾಡಿದ ಪಟ್ಟಿಯಲ್ಲಿ ಇನ್ನೊಬ್ಬನ ಬಿಲ್ಲೆ ಉರುಳಿಸಬಹುದು. ಯಾರದೋ ನಕಲು ಹೊಡೆಯುವವನಿಗೆ ಅಂಚಿನಲ್ಲಿ ಏನೋ ಅಕ್ಷರ ಇದ್ದರೆ ಸಾಕು. ಅಂಗಡಿಯಲ್ಲಿ ಅರ್ಧ ಪೆನ್ನಿ ಕೊಟ್ಟಾಗ ಯಾರು ಅಂಚು ಓದುತ್ತಾರೆ? ಇನ್ನೂರು ವರ್ಷದ ಮೇಲೆ ಫೋನ್ ಹಿಡಿದ ನಾನೂ ಓದಲಿಲ್ಲ.

ಈ ಹಂತದಲ್ಲಿ ಇನ್ನೊಂದು ತಪ್ಪು ದಾರಿ ತೆರೆಯಿತು. ಫೋಟೊ ನೋಡಿದ ಒಬ್ಬ ಅನುಭವಿಗಳು "ಹಾಗಾದರೆ ಇದು ಲ್ಯಾಂಕಾಸ್ಟರಿನದು" ಅಂದರು. ನಾನೂ ಒಂದು ದಿನ ಅದನ್ನೇ ನಂಬಿದ್ದೆ. ಆದರೆ ಲ್ಯಾಂಕಾಸ್ಟರಿನ ವ್ಯಾಪಾರಿಗಳ ಟೋಕನ್‌ಗಳು ಗೊತ್ತಿರುವಂಥವು. ಒಂದರ ಮೇಲೆ ಜಾನ್ ಆಫ್ ಗಾಂಟ್ ಎಂಬ ಹಳೆಯ ಡ್ಯೂಕ್ ಇದ್ದಾನೆ. 1794ರ ಇನ್ನೊಂದರ ಮೇಲೆ ಡೇನಿಯಲ್ ಎಕಲ್‌ಸ್ಟನ್ ಎಂಬ ವ್ಯಾಪಾರಿ ತನ್ನದೇ ಮುಖ ಹಾಕಿಸಿದ್ದಾನೆ. ಡ್ರೂಯಿಡ್ ಅವರ ಗುರುತಲ್ಲ. ಲ್ಯಾಂಕಾಸ್ಟರಿನ ಒಬ್ಬ ವ್ಯಾಪಾರಿ ಆಂಗಲ್‌ಸೀ ಗಣಿಯ ಮುಖವನ್ನು ತನ್ನ ಬಿಲ್ಲೆಗೆ ಯಾಕೆ ಹಾಕಿಸುತ್ತಾನೆ? ಮುಖ ಒಂದು ಊರು ಹೇಳುತ್ತದೆ, ಅಂಚು ಬೇರೆ ಊರು ಹೇಳುತ್ತದೆ, ತೂಕ ಎರಡಕ್ಕೂ ಒಪ್ಪುವುದಿಲ್ಲ. ಮೂರನ್ನೂ ಒಟ್ಟಿಗೆ ಇಟ್ಟರೆ ಒಂದೇ ಉತ್ತರ ಉಳಿಯುತ್ತದೆ. ಇದು ಆಂಗಲ್‌ಸೀ ಅರ್ಧ ಪೆನ್ನಿಯ ಆ ಕಾಲದ್ದೇ ನಕಲು. ಜನ ನಂಬಿದ್ದ ಮುಖವನ್ನು ತೆಗೆದುಕೊಂಡು, ತಾಮ್ರದಲ್ಲಿ ಮೂರರಲ್ಲಿ ಒಂದು ಭಾಗ ಉಳಿಸಿ, ಲಾಭ ಮಾಡಿಕೊಂಡವರ ಕೆಲಸ. ಇದನ್ನು ಹಿಡಿದು ಲ್ಯಾಂಕಾಸ್ಟರಿಗೆ ಹೋಗಿದ್ದರೂ, ಬ್ರಿಸ್ಟಲಿಗೆ ಹೋಗಿದ್ದರೂ ದುಡ್ಡು ಕೊಡುವವರು ಯಾರೂ ಇರಲಿಲ್ಲ.

ಇಂಥ ನಕಲುಗಳು ಅಪರೂಪ ಅಲ್ಲ. 1910ರಿಂದ 1918ರ ನಡುವೆ ಕಂತುಗಳಲ್ಲಿ ಬಂದ ಡಾಲ್ಟನ್ ಮತ್ತು ಹ್ಯಾಮರ್ ಎಂಬವರ ಸೂಚಿಪಟ್ಟಿಯನ್ನೇ ಈ ಟೋಕನ್‌ಗಳನ್ನು ಗುರುತಿಸಲು ಇವತ್ತಿಗೂ ಬಳಸುತ್ತಾರೆ. ಅದು ಟೋಕನ್‌ಗಳನ್ನು ಸೀಮೆಯ ಪ್ರಕಾರ ಜೋಡಿಸುತ್ತದೆ. ಹಾಗಾಗಿ ಡ್ರೂಯಿಡ್ ಮುಖದ ನಕಲುಗಳೂ ಆಂಗಲ್‌ಸೀ ತಲೆಬರಹದ ಕೆಳಗೇ ಬರುತ್ತವೆ. ಸೂಚಿಪಟ್ಟಿಯಲ್ಲಿ ಆಂಗಲ್‌ಸೀ ಎಂದು ಇದ್ದ ಮಾತ್ರಕ್ಕೆ ಬಿಲ್ಲೆ ಆಂಗಲ್‌ಸೀಯಿಂದ ಬಂತು ಎಂದು ಅರ್ಥ ಅಲ್ಲ. ಅಸಲಿ ಬಿಲ್ಲೆಗಳ ವಿಷಯದಲ್ಲೂ ಹಾಗೆಯೇ. ತಾಮ್ರ ದ್ವೀಪದ್ದು, ಮಾತು ಕೊಟ್ಟದ್ದು ಕಂಪನಿ, ಆದರೆ ಅಚ್ಚಾದದ್ದು ಬೇರೆ ಕಡೆ, ಬಹಳಷ್ಟು ಬರ್ಮಿಂಗ್‌ಹ್ಯಾಮಿನಲ್ಲಿ. 'ಎಲ್ಲಿಂದ ಬಂತು' ಎಂದು ನಾವು ಸುಮ್ನೆ ಒಂದು ಮಾತಲ್ಲಿ ಕೇಳಿಬಿಡುತ್ತೇವೆ. ಅದರೊಳಗೆ ಯಾರು ಹೊರಡಿಸಿದರು, ಎಲ್ಲಿ ಹೊಡೆದರು, ಎಲ್ಲಿ ನಡೆಯಿತು ಎಂಬ ಬೇರೆ ಬೇರೆ ಪ್ರಶ್ನೆಗಳಿವೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟಾಗಲೇ ನಾನು ಜಾರಿದ್ದು.

ಇನ್ನು ಉಳಿದದ್ದು ಟೀಚರ್ ಮೊಮ್ಮಗನ ಪ್ರಶ್ನೆ. ನಮ್ಮ ಮನೆಗೆ ಹೇಗೆ ಬಂತು?

ಸಿಪಾಯಿಯ ಕಥೆಗೆ ಯುವಕ ಸಂಘದವರು ಈಗ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿದ್ದರು. 1790ರ ದಶಕ, ಇಂಗ್ಲಿಷ್ ತಾಮ್ರ, ಪಕ್ಕದಲ್ಲೇ ಕಂಪನಿ ನಾಣ್ಯ, ಇನ್ನೇನು ಬೇಕು ಎಂಬುದು ಅವರ ವಾದ. ಊರಿನ ಹಬ್ಬದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ನಾನು ಒಪ್ಪಲಿಲ್ಲ. ಬದಲಿಗೆ ಡಬ್ಬಿಯಲ್ಲಿದ್ದ ಎಲ್ಲವನ್ನೂ ಒಂದು ಬಿಳಿ ಪಂಚೆಯ ಮೇಲೆ ಸುರಿದು ಸಾಲಾಗಿ ಜೋಡಿಸೋಣ ಅಂದೆ. ಬಿಲ್ಲೆಯನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರೂ ಅದರ ಮೂಲ ಜಾಗ ಈ ಡಬ್ಬಿಯೇ ಎಂದು ಟೀಚರ್ ಮೊದಲೇ ಹೇಳಿದ್ದರು.

ಇಪ್ಪತ್ತು ಕ್ಯಾಶ್ ಒಂದು. ಕಂಪನಿಯ 1835ರ ಕಾಲು ಆಣೆ ಎರಡು. ಇಷ್ಟು ಟೀಚರ್ ಮಾವನವರ ಜಿನಸಿ ಅಂಗಡಿಯ ಹಳೆಯ ಚಿಲ್ಲರೆ ಇರಬಹುದು. ಆದರೆ ಅವುಗಳ ಕೆಳಗೆ ಆರನೇ ಜಾರ್ಜ್ ದೊರೆಯ ದೊಡ್ಡ ಇಂಗ್ಲಿಷ್ ಪೆನ್ನಿಗಳು ನಾಲ್ಕು ಇದ್ದವು. ನಡುವೆ ತೂತು ಇರುವ ಪೂರ್ವ ಆಫ್ರಿಕಾದ ಹತ್ತು ಸೆಂಟು ಎರಡು. ಏಡನ್ನಿನ ಬಂದರಿನ ಚಿತ್ರ ಇರುವ ಒಂದು ಪೋಸ್ಟ್ ಕಾರ್ಡ್. ಡಬ್ಬಿ ನೋಡಿದರೆ ಇಂಗ್ಲೆಂಡಿನ ಬಿಸ್ಕೆಟ್ ಡಬ್ಬಿ.

ಜಿನಸಿ ಅಂಗಡಿಗೆ ಪೂರ್ವ ಆಫ್ರಿಕಾದ ಚಿಲ್ಲರೆ ಯಾಕೆ ಬರುತ್ತದೆ? ನಾನು ಏನೂ ಹೇಳಲಿಲ್ಲ. ಟೀಚರ್ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಒಳಗೆ ಕೂಗಿ ಅತ್ತೆಯನ್ನು ಕರೆದರು. ಅವರಿಗೆ ತೊಂಬತ್ತು ದಾಟಿದೆ. ಕಿವಿ ಮಂದ, ನೆನಪು ಚೆನ್ನಾಗಿದೆ. ಪಂಚೆಯ ಪಕ್ಕ ಕೂತು ತೂತಿನ ಕಾಸನ್ನು ಬೆರಳಿಗೆ ಉಂಗುರದ ಹಾಗೆ ಹಿಡಿದು ನಕ್ಕರು. "ಇದು ಭಾವನದ್ದಲ್ಲವಾ? ಹಡಗಿನಲ್ಲಿ ಇದ್ದರಲ್ಲ. ಬಂದಾಗೆಲ್ಲ ಮಕ್ಕಳಿಗೆ ಆಡಲಿಕ್ಕೆ ಪರದೇಶದ ದುಡ್ಡು ತರುತ್ತಿದ್ದರು."

ಗಂಡನ ಅಣ್ಣ ಸರಕು ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದರಂತೆ. ಮದುವೆ ಆಗಿರಲಿಲ್ಲ. 1950ರ ದಶಕದಲ್ಲಿ ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಲಿವರ್‌ಪೂಲ್ ಎಂಬ ಹೆಸರನ್ನು ಅಜ್ಜಿ 'ಲಿವರ್ಪೂಲು' ಎಂದು ಸರಾಗವಾಗಿ ಹೇಳಿದರು. ಜೋಗಿ ಬಿಲ್ಲೆಯನ್ನೂ ಅವರೇ ತಂದರಾ ಎಂದು ಟೀಚರ್ ಕಿವಿಯ ಹತ್ತಿರ ಕೇಳಿದಾಗ, "ಅದು ಮೊದಲಿಂದ ಇತ್ತು ಅಂತ ನಮ್ಮ ಅತ್ತೆ ಹೇಳಿಲ್ಲ. ನಾನು ಮದುವೆಯಾಗಿ ಬಂದಾಗ ದೇವರ ಕೋಣೆಯಲ್ಲಿ ಕಂಡದ್ದು ನೆನಪಿಲ್ಲ" ಅಂದರು.

ಇದು ಪಕ್ಕಾ ಸಾಕ್ಷಿ ಅಲ್ಲ. ಆದರೂ ಸಿಪಾಯಿಯ ಕಥೆಗೆ ಇದ್ದದ್ದಕ್ಕಿಂತ ಇದಕ್ಕೆ ಬಹಳ ಹೆಚ್ಚು ಆಧಾರ ಇದೆ. 1817ರಲ್ಲಿ ಇಂಥ ಖಾಸಗಿ ಟೋಕನ್‌ಗಳನ್ನು ಬ್ರಿಟನ್ನಿನಲ್ಲಿ ಕಾನೂನಿನಿಂದ ನಿಲ್ಲಿಸಿದರು. ಆಮೇಲೆ ಅವು ಹಳೆ ಸಾಮಾನಿನ ಅಂಗಡಿಗಳಲ್ಲಿ ಬಿದ್ದಿದ್ದವು. ಬಂದರಿನ ಬೀದಿಯಲ್ಲಿ ಅಡ್ಡಾಡುವ ಒಬ್ಬ ಹಡಗಿನ ಅಡುಗೆಯವರಿಗೆ ಗಡ್ಡದ ಜೋಗಿಯ ಮುಖ ಕಂಡರೆ ಊರು ನೆನಪಾಗಿರಬಹುದು, ಅಲ್ವಾ? ಇದನ್ನು ಮಾತ್ರ ನಾನು ಚೀಟಿಯಲ್ಲಿ ಬರೆಯಲಿಲ್ಲ.

ಯುವಕ ಸಂಘದವರಿಗೆ ಬೇಸರ ಆಯಿತು. ಒಬ್ಬ ಹುಡುಗ ಮಾತ್ರ ಹಡಗಿನ ಅಜ್ಜನ ಬಗ್ಗೆ ಜಾಸ್ತಿ ಕೇಳಲು ಶುರುಮಾಡಿದ. ಹಬ್ಬದ ಸಂಚಿಕೆಯಲ್ಲಿ ಕೊನೆಗೆ ಬಂದದ್ದು ಅವರ ಕುರಿತ ಬರಹ. ಏಡನ್ನಿನ ಪೋಸ್ಟ್ ಕಾರ್ಡನ್ನೇ ಅದರ ಚಿತ್ರವಾಗಿ ಹಾಕಿದರು.

ಹಳೆಯ ಚೀಟಿಯನ್ನು ಹರಿಯಬೇಡಿ ಎಂದು ಟೀಚರಿಗೆ ಹೇಳಿದೆ. ಅದರ ಹಿಂದೆಯೇ ಅವರು ತಮ್ಮ ದುಂಡು ಅಕ್ಷರದಲ್ಲಿ ಹೊಸದನ್ನು ಬರೆದರು. "ಆಂಗಲ್‌ಸೀ ಅರ್ಧ ಪೆನ್ನಿಯ ಹಳೆಯ ನಕಲು. ಇಂಗ್ಲೆಂಡ್, 1790ರ ಆಸುಪಾಸು. ತೂಕ 8.4 ಗ್ರಾಂ, ದಪ್ಪ 1.5 ಮಿಲಿಮೀಟರ್. ಅಂಚಿನಲ್ಲಿ ಲ್ಯಾಂಕಾಸ್ಟರ್, ಬ್ರಿಸ್ಟಲ್. ಮನೆಗೆ ದೊಡ್ಡಪ್ಪ ತಂದಿರಬೇಕು, ಅಜ್ಜಿ ಹೇಳಿದ ಪ್ರಕಾರ." ಕೆಳಗೆ ದಿನಾಂಕ ಹಾಕಿದರು.

ಕ್ಲೇ ಪಟ್ಟಿ ಒಣಗಿ ಬಿರುಕು ಬಿಟ್ಟಿದೆಯಂತೆ. ಮೊಮ್ಮಗ ಅದನ್ನೂ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಬಿಲ್ಲೆ ಮತ್ತೆ ದೇವರ ಕೋಣೆಗೆ ಹೋಗಿದೆ. ಕುಂಕುಮ ಈಗಲೂ ಬೀಳುತ್ತದೆ, ಹುಣಸೆಹಣ್ಣು ಮಾತ್ರ ಇಲ್ಲ.